ತುರುಬು ಬಿಚ್ಚಿಸಿದ ಮಳೆಗಾಲ

ಹೋದ ತಿಂಗಳು ಗಂಗಾವತಿಯಲ್ಲಿ ತಂಗಿಯ ಮೊಮ್ಮಗಳ ಮದುವೆ. ಕಲ್ಯಾಣ ಮಂಟಪದ ಮೇಲಿನ ರೂಮಿನಲ್ಲಿ ಮದುಮಗಳನ್ನು ಸಿಂಗರಿಸುತ್ತಿದ್ದರು. ಪಾರ್ಲರಿನ ಹುಡುಗಿ ತನ್ನ ಬ್ಯಾಗಿನೊಳಗಿಂದ ಮಾರುದ್ದದ ಕೂದಲ ಗೊಂಚಲೊಂದನ್ನು ತೆಗೆದು ಗಾಳಿಗೆ ಜಾಡಿಸಿದಳು. ಶಾಂಪೂವಿನ ಘಮದ ಅಡಿಯಲ್ಲಿ ಇನ್ನೊಂದು ವಾಸನೆ ಎದ್ದಿತು. ಹಸಿ ಗೋಣಿಚೀಲದ್ದು, ಹಳೆಯ ಕೊಬ್ಬರಿ ಎಣ್ಣೆಯದ್ದು, ಯಾರದೋ ತಲೆಯದ್ದು. ಒರಿಜಿನಲ್ ಐತ್ರಿ ಆಂಟಿ, ಬೇಕಾದ್ರ ಮುಟ್ಟಿ ನೋಡ್ರಿ ಅಂದಳು. ನಾನು ಮುಟ್ಟಲಿಲ್ಲ. ಎದ್ದು ಹೊರಗಿನ ಬಾಲ್ಕನಿಗೆ ಬಂದು ನಿಂತೆ. ಬಿಪಿ ಇರಬೇಕೆಂದು ತಂಗಿ ನೀರು ತಂದಳು. ಬಿಪಿ ಅಲ್ಲ. ಭಾಗ್ಯನಗರದ ಆ ಮಳೆಗಾಲ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿ ರಿಟೈರ್ ಆದವಳು. ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಭಾಗ್ಯನಗರದಲ್ಲಿ ನಮ್ಮವರು ಕಟ್ಟಿಸಿದ ಮನೆ. ಮುಂದೆ ಉದ್ದನೆಯ ಪಡಸಾಲೆ, ಅದಕ್ಕೆ ಎರಡು ಫ್ಯಾನು, ಬೀದಿಗೆ ಬೇರೆ ಬಾಗಿಲು. ನಮ್ಮವರು ಹೋದ ಮೇಲೆ ಆ ಪಡಸಾಲೆಯಲ್ಲಿ ಒಂದು ಈಸಿಚೇರು ಮತ್ತು ನಾನು ಅಷ್ಟೇ. ನಮ್ಮೂರಿನ ಕಸುಬು ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ನಂಬುವುದಿಲ್ಲ. ಕೂದಲು. ಹುಲಿಹೈದರದಿಂದ ಹನುಮಸಾಗರದವರೆಗೆ ಹಳ್ಳಿಯ ಹೆಂಗಸರು ತಲೆ ಬಾಚಿಕೊಂಡು, ಉದುರಿದ ಕೂದಲನ್ನು ಉಂಡೆ ಸುತ್ತಿ ಗೋಡೆಯ ಸಂದಿನಲ್ಲಿ ತುರುಕುತ್ತಾರಲ್ಲ, ಅದು. ಬೈಕಿನ ಮೇಲೆ ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಬುಟ್ಟಿ ಕಟ್ಟಿಕೊಂಡು ಬರುವವನು ಅದನ್ನು ಇಸಿದುಕೊಂಡು ಒಂದು ಲೋಟವೋ ಜರಡಿಯೋ ಕೊಟ್ಟು ಹೋಗುತ್ತಾನೆ. ಆ ಉಂಡೆಗಳು ಚೀಲ ತುಂಬಿ ಭಾಗ್ಯನಗರಕ್ಕೆ ಬರುತ್ತವೆ. ಇಲ್ಲಿ ಹೆಂಗಸರು ಸಾಲಾಗಿ ಕೂತು ದಪ್ಪ ಸೂಜಿಯಿಂದ ಸಿಕ್ಕು ಬಿಡಿಸಿ, ಧೂಳು ಕೊಡವಿ, ಬಿಳಿಯದನ್ನು ಆರಿಸಿ, ಉದ್ದಕ್ಕೆ ತಕ್ಕ ಹಾಗೆ ಜೋಡಿಸಿ ದಾರ ಕಟ್ಟುತ್ತಾರೆ. ಗೇಣುದ್ದದ್ದಕ್ಕೆ ಒಂದು ಬೆಲೆ, ಮೊಳದುದ್ದದ್ದಕ್ಕೆ ಅದರ ಎಷ್ಟೋ ಪಟ್ಟು. ಆಮೇಲೆ ಅದು ಕಲ್ಕತ್ತೆಗೆ ಹೋಗುತ್ತದೆ, ಅಲ್ಲಿಂದ ಹೊರದೇಶಕ್ಕೆ. ನಡುವೆ ಯಾರ ಮನೆ ಮೂರಂತಸ್ತು ಆಗುತ್ತದೆ, ಯಾರದು ತಗಡಿನದಾಗೇ ಉಳಿಯುತ್ತದೆ ಎಂಬುದು ನಮ್ಮ ಬೀದಿಯಲ್ಲಿ ನಿಂತರೆ ಕಾಣುತ್ತದೆ.

ವೀರೇಶನದು ಮೂರಂತಸ್ತಿನದು. ನನ್ನ ಸ್ಟೂಡೆಂಟ್. ಕ್ಲಾಸಿನಲ್ಲಿ ಹಿಂದಿನ ಬೆಂಚಿನವನು, ಆದರೆ ಎದ್ದು ನಿಲ್ಲುವ ರೀತಿಯಲ್ಲಿ ಮ್ಯಾನರ್ಸ್ ಇತ್ತು. ಆ ವರ್ಷ ಮಘಾ ಮಳೆ ಹಿಡಿದದ್ದು ಬಿಡಲೇ ಇಲ್ಲ. ನಮ್ಮ ಕಡೆ ಮಳೆಯೆಂದರೆ ಬಂದು ಹೊಡೆದು ಹೋಗುವಂಥದ್ದು; ಇದು ಹಾಗಲ್ಲ, ಜಿಟಿಜಿಟಿ, ದಿನಗಟ್ಟಲೆ. ಅವನ ಕೂದಲ ಗೋಡೌನಿನ ತಗಡು ಸೋರತೊಡಗಿತು. ಒಂದು ಬೆಳಿಗ್ಗೆ ಗಂಗಾವತಿಯ ಹೊಸ ಸೋನಾ ಮಸೂರಿಯ ಚೀಲ ಹೊತ್ತುಕೊಂಡು ಬಂದ. ಮಳೆ ನಿಲ್ಲುವ ತನಕ ಎಂಟು ಹೆಂಗಸರಿಗೆ ಕೂರಲು ನನ್ನ ಪಡಸಾಲೆ ಬೇಕಿತ್ತು. ಬಾಡಿಗೆ ಕೊಡುತ್ತೇನೆ, ನಿಮಗೂ ಕಂಪನಿ ಆದೀತು ಎಂದ. ನಾನು ಒಪ್ಪಿದೆ. ಅಕ್ಕಿಯನ್ನೂ ಬೇಡ ಅನ್ನಲಿಲ್ಲ.

ಕಂಪನಿ ಆಯಿತು, ಸುಳ್ಳಲ್ಲ. ಮನೆಯೊಳಗೆ ಮಾತು ಬಂತು. ರೇಣುಕಾ ಎಂಬ ಹುಡುಗಿಯೊಬ್ಬಳಿದ್ದಳು, ಬಾಯಿಗೆ ಬೀಗವೇ ಇಲ್ಲ. ಗಂಗವ್ವಜ್ಜಿಗೆ ಕಣ್ಣಿನ ಪೊರೆ, ಬೆರಳಿನಿಂದಲೇ ನೋಡುತ್ತಿದ್ದಳು. ಬಿಡಿಸಲಾಗದ ಉಂಡೆಯೊಂದು ಅಜ್ಜಿಯ ಕೈಗೆ ಬಂದರೆ ರೇಣುಕಾ ಸುಮ್ಮನಿರುತ್ತಿರಲಿಲ್ಲ.

"ಅಜ್ಜಿ, ಅದು ನಿನ್ನ ಸೊಸೀದು ನೋಡು. ಎಷ್ಟ ತಿಳಿಸಿ ಹೇಳಿದ್ರೂ ಸಡಲವಲ್ದು."

"ನನ್ನ ಸೊಸೀದಾಗಿದ್ರ ಸೂಜೀನಽ ಮುರೀತಿತ್ತು ಬಿಡ ಯವ್ವಾ."

ಹುಲಿಗೆವ್ವ ಮಾತ್ರ ನಗುತ್ತಿರಲಿಲ್ಲ. ಕುಷ್ಟಗಿ ತಾಲೂಕಿನ ಹನುಮಸಾಗರದ ಕಡೆಯವಳು, ಐವತ್ತರ ಆಚೀಚೆ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕೊಪ್ಪಳದಲ್ಲಿ ನರ್ಸಿಂಗ್ ಓದಿಸುತ್ತ ಇಲ್ಲಿ ಕೋಣೆ ಹಿಡಿದಿದ್ದಳು. ಎಲ್ಲರಿಗಿಂತ ಚುರುಕು ಕೈ. ಹಣೆಯ ತನಕ ಸೆರಗು, ಕುತ್ತಿಗೆಯ ಮೇಲೆ ತೂಗುವಷ್ಟು ದೊಡ್ಡ ತುರುಬು. ಸಂಜೆ ಹೋಗುವಾಗ ಎಲ್ಲರೂ ಹೊಸ್ತಿಲಲ್ಲಿ ನಿಂತು ಸೆರಗು ಜಾಡಿಸಿ, ನಡುವಿನ ಸೀರೆ ಸಡಿಲಿಸಿ ಕೊಡವಿ, ನನ್ನ ನಳದಲ್ಲಿ ಕೈಕಾಲು ತೊಳೆದೇ ಬೀದಿಗಿಳಿಯುತ್ತಿದ್ದರು. ತಪಾಸಣೆಗೆಂದು ವೀರೇಶ ಹಾಕಿದ ರೂಲು ಇರಬೇಕೆಂದುಕೊಂಡಿದ್ದೆ.

ಎರಡು ವಾರ ಕಳೆದಿರಬಹುದು. ಬೆಳಿಗ್ಗೆ ಕೊಟ್ಟ ತೂಕ ಸಂಜೆ ಬರುತ್ತಿಲ್ಲವೆಂದು ವೀರೇಶ ಹೇಳಿದ. ಧೂಳು, ಕಸಕ್ಕೆಂದು ಇಂತಿಷ್ಟು ಬಿಡುವುದು ರೂಢಿಯಂತೆ. ಅದಕ್ಕೂ ಮೀರಿ ಕಡಿಮೆ ಬರುತ್ತಿತ್ತು, ದಿನವೂ. ಕಡಿಮೆಯಾದದ್ದನ್ನು ಎಂಟೂ ಜನರ ಪಗಾರದಲ್ಲಿ ಮುರಿಯತೊಡಗಿದ. ಅವತ್ತಿನಿಂದ ಪಡಸಾಲೆಯಲ್ಲಿ ಮಾತು ಸತ್ತಿತು. ಒತ್ತಿಕೊಂಡು ಕೂರುತ್ತಿದ್ದವರ ಚಾಪೆಗಳ ನಡುವೆ ಗೇಣಷ್ಟು ಜಾಗ ಬಿತ್ತು. ಒಬ್ಬಳು ನೀರಿಗೆಂದು ಎದ್ದರೆ ಏಳು ಜೊತೆ ಕಣ್ಣು ಅವಳ ಬೆನ್ನಿನ ಹಿಂದೆ. ರೊಟ್ಟಿಯ ಗಂಟು ಬಿಚ್ಚುವಾಗಲೂ ಎಲ್ಲರಿಗೂ ಕಾಣುವ ಹಾಗೆ ಬಿಚ್ಚುತ್ತಿದ್ದರು.

"ಉದ್ದಂದಽ ಹೊಂಟೈತ್ರಿ ಮೇಡಂ," ಎಂದ ವೀರೇಶ, ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ. "ಗಿಡ್ಡಂದು ಯಾರು ಕದೀತಾರ? ನೀವು ಕಣ್ಣಿಟ್ರ ಸಾಕು. ಎಜುಕೇಟೆಡ್ ಇದ್ದೀರಿ, ನಿಮಗ ತಿಳೀತೈತಿ."

ಎಜುಕೇಟೆಡ್ ಎಂಬ ಆ ಒಂದು ಶಬ್ದಕ್ಕೆ ನಾನು ಮಾರಿಹೋದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಅವತ್ತು ಆಗಿದ್ದು ಖುಷಿ. ಎಷ್ಟೋ ವರ್ಷದ ಮೇಲೆ ಯಾರೋ ನನಗೆ ಎಕ್ಸಾಮ್ ಹಾಲಿನ ಸೂಪರ್‌ವಿಜನ್ ಕೊಟ್ಟಂತಿತ್ತು. ಈಸಿಚೇರನ್ನು ಕಿಟಕಿಯ ಕಡೆಯಿಂದ ತಿರುಗಿಸಿ ಅವರ ಕಡೆ ಮುಖ ಮಾಡಿ ಹಾಕಿಕೊಂಡೆ. ಮಡಿಲಲ್ಲಿ ಪೇಪರು. ಒಂದು ಕಾಲಂ ಓದಿದರೆ ಕೇಳಿ.

ಸಂಶಯ ಎಂಬುದು ಕೆಲಸ ಸಿಕ್ಕರೆ ಬೆಳೆಯುತ್ತದೆ. ಮೊದಲು ರೇಣುಕಾಳನ್ನು ಅನುಮಾನಿಸಿದೆ, ನಗುವವರ ಮೇಲೆ ಬರುವ ಸಹಜ ಅನುಮಾನ. ಆಮೇಲೆ ಅಜ್ಜಿಯ ಪೊರೆಯನ್ನೇ ಅನುಮಾನಿಸಿದೆ. ನಾಲ್ಕನೆಯ ದಿನವೋ ಐದನೆಯ ದಿನವೋ ಕಣ್ಣಿಗೆ ಬಿದ್ದದ್ದು ಹುಲಿಗೆವ್ವನ ತುರುಬು. ಬೆಳಿಗ್ಗೆ ಬರುವಾಗ ತೆಂಗಿನಕಾಯಿಯಷ್ಟು, ಬಿಗಿಯಾಗಿ, ಎಣ್ಣೆ ಹಚ್ಚಿ ಕಟ್ಟಿದ್ದು. ಸಂಜೆ ಹೋಗುವಾಗ ಅದು ದೊಡ್ಡದಾಗಿರುತ್ತಿತ್ತು. ಮರುದಿನವೂ ನೋಡಿದೆ, ಅದರ ಮರುದಿನವೂ. ಮಧ್ಯಾಹ್ನ ಒಬ್ಬಳೇ ಹಿತ್ತಲಿಗೆ ಹೋಗಿ ಸೆರಗಿನೊಳಗೆ ಕೈ ಹಾಕಿ ತುರುಬು ಸರಿಮಾಡಿಕೊಂಡು ಬರುತ್ತಿದ್ದಳು. ಕೂದಲು ಬಚ್ಚಿಡಲು ಕೂದಲಿಗಿಂತ ಒಳ್ಳೆಯ ಜಾಗ ಯಾವುದು? ನನ್ನ ಜಾಣತನಕ್ಕೆ ನಾನೇ ಬೆರಗಾದೆ.

ವೀರೇಶನಿಗೆ ಹೇಳಿದೆ. ಅವನು, ಹೆಣ್ಣುಮಗಳ ತಲೆಗೆ ತಾನು ಕೈ ಹಚ್ಚಲು ಬರುವುದಿಲ್ಲ, ನೀವೇ ಕೇಳಬೇಕು ಎಂದ. ಅವಳೇ ಎಂದು ತಿಳಿದರೆ ಚಾಪೆ ಎತ್ತಿಸುತ್ತೇನೆ, ಭಾಗ್ಯನಗರದಲ್ಲಿ ಬೇರೆ ಯಾರ ಮನೆಯಲ್ಲೂ ಕೆಲಸ ಸಿಗದ ಹಾಗೆ ನೋಡಿಕೊಳ್ಳುತ್ತೇನೆ ಎಂದೂ ಹೇಳಿದ. ಮಗಳ ನರ್ಸಿಂಗ್ ಆ ಕ್ಷಣದಲ್ಲಿ ನನಗೆ ನೆನಪಾಯಿತು. ನೆನಪಾಗಿಯೂ ಪಡಸಾಲೆಗೆ ಹೋದೆ.

ಸಂಜೆ, ಎಲ್ಲರೂ ಏಳುವ ಹೊತ್ತು. ಹೊರಗೆ ಅದೇ ಜಿಟಿಜಿಟಿ. ಹುಲಿಗೆವ್ವ, ಒಂದ್ಸಲ ತುರುಬು ಬಿಚ್ಚಿ ತೋರಿಸು ಎಂದೆ. ಕ್ಲಾಸಿನಲ್ಲಿ ಹೋಂವರ್ಕ್ ತೋರಿಸು ಅನ್ನುವ ದನಿಯಲ್ಲೇ ಅಂದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಅಂಗಡಿಯವನು ಖೋಟಾ ನೋಟನ್ನು ಬೆಳಕಿಗೆ ಹಿಡಿದು ನೋಡುತ್ತಾನಲ್ಲ, ಹಾಗೆ.

ಸೆರಗು ಇಳಿಸಿದಳು. ಪಿನ್ನುಗಳನ್ನು ಒಂದೊಂದಾಗಿ ತೆಗೆದು ಬಾಯಲ್ಲಿ ಕಚ್ಚಿಕೊಂಡಳು. ತುರುಬು ಇಡಿಯಾಗಿ ಅವಳ ಕೈಗೆ ಬಂತು. ತಲೆಯ ಮೇಲೆ ಉಳಿದದ್ದು ಕಿವಿ ಮುಟ್ಟದಷ್ಟು ನಾಲ್ಕು ಎಳೆ, ನಡುವೆ ಬೋಳು ನೆತ್ತಿ. ಕೈಯಲ್ಲಿದ್ದದ್ದು ಚೌರಿ, ಕಪ್ಪು ದಾರದಿಂದ ಹೊಸೆದು ಕಟ್ಟಿದ ಕೂದಲ ಜಡೆ. ಬುಡದ ಕಡೆ ನರೆತದ್ದು, ಕೆಳಗಿಳಿದಂತೆ ಕಪ್ಪು, ತುದಿಯಲ್ಲಿ ಎಳೆ ಹುಡುಗಿಯ ಕೂದಲಿನ ಕಪ್ಪು.

ಅವಳು ಅದನ್ನು ನನಗೆ ಕೊಡಲಿಲ್ಲ. ಗಂಗವ್ವಜ್ಜಿಯ ಮಡಿಲಿಗೆ ಹಾಕಿದಳು.

"ನೀ ಹೇಳಬೇ ಅಜ್ಜಿ. ಎಷ್ಟ ಮಂದೀದು ಐತಿ ಇದ್ರಾಗ?"

ಅಜ್ಜಿ ಕಣ್ಣು ಮುಚ್ಚಿಕೊಂಡು ಬೆರಳಿನ ನಡುವೆ ಹೊಸೆದಳು. ಬುಡದಿಂದ ತುದಿಯವರೆಗೆ ಒಮ್ಮೆ, ತುದಿಯಿಂದ ಬುಡಕ್ಕೆ ಒಮ್ಮೆ.

"ಒಂದಽ ತಲೀದು," ಎಂದಳು.

ಲಗ್ನವಾದಾಗಿನಿಂದ ಉದುರಿದ್ದನ್ನು ಗೋಡೆಯ ಸಂದಿನಲ್ಲಿ ಕೂಡಿಟ್ಟುಕೊಂಡು ಬಂದಿದ್ದಳಂತೆ. ಪಾತ್ರೆಯವನು ಬಂದಾಗ ಬೇರೆಯವರೆಲ್ಲ ಕೊಟ್ಟರೂ ಇವಳು ಕೊಟ್ಟಿರಲಿಲ್ಲ. ಆ ಬೇಸಿಗೆಯಲ್ಲಿ ಜ್ವರ ಬಂದು ತಲೆ ಬರಿದಾದಾಗ ಆ ಕೂದಲನ್ನೇ ಹೊಸೆದು ಚೌರಿ ಮಾಡಿಕೊಂಡಿದ್ದಳು. ಇದನ್ನು ಹೇಳಿದವಳು ರೇಣುಕಾ. ಹುಲಿಗೆವ್ವ ನನಗೆ ಹೇಳಿದ್ದು ಬೇರೆ.

"ಅಕ್ಕೋರ, ನಾವು ದಿನಾ ಸಂಜೀಕ ಸೆರಗು ಝಾಡಿಸಿ, ಕಾಲು ತೊಕ್ಕೊಂಡು ಹೋಗ್ತೀವಿ. ಯಾಕಂತ ಒಮ್ಮಿಯರ ಕೇಳೀರೇನು? ಈ ಚೀಲದಾಗ ಸತ್ತೋರ್ದು ಇರ್ತೈತಿ, ಬ್ಯಾನಿ ಬಿದ್ದೋರ್ದು ಇರ್ತೈತಿ. ಒಂದೆಳಿ ಮನಿಗಿ ಹೋದ್ರ ಅವರ ಪೀಡಾನೂ ಬರ್ತೈತಿ. ಊರ ಮಂದಿ ಕೂದ್ಲ ನನ್ನ ನೆತ್ತಿಮ್ಯಾಲ ಇಟಗೊಂಡು ಮಗಳು ಮಲಗೂ ಮನಿಗಿ ಹೋಗ್ತೀನೇನ್ರಿ?"

ನಾನು ತಪಾಸಣೆ ಅಂದುಕೊಂಡದ್ದು ಅವರ ಭಯವಾಗಿತ್ತು. ಭಾಗ್ಯನಗರದ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ಎಷ್ಟು ವರ್ಷ ಇದೇ ಬೀದಿಯಲ್ಲಿದ್ದೆ ನಾನು. ಕಿವಿಗೆ ಬಿದ್ದೂ ಇರಬೇಕು, ಸೂಪರ್‌ಸ್ಟಿಷನ್ ಎಂದು ಬಿಟ್ಟಿರಬೇಕು. ಕದಿಯಲು ಹೆದರುವ ಜನರ ನಡುವೆ ಕೂತು ಕಳ್ಳರನ್ನು ಹುಡುಕಿದ್ದೆ.

ಸಾರಿ ಎಂದೆ. ಆ ಇಂಗ್ಲಿಷ್ ಶಬ್ದ ನನ್ನ ಬಾಯಲ್ಲೇ ಅಗ್ಗವಾಗಿ ಕೇಳಿಸಿತು. ಕೆಳಗೆ ಬಿದ್ದ ಪಿನ್ನೊಂದನ್ನು ಎತ್ತಿಕೊಡಲು ಬಗ್ಗಿದಾಗ ಅಜ್ಜಿಯ ಮಡಿಲಲ್ಲಿದ್ದ ಚೌರಿಗೆ ಕೈ ತಗುಲಿತು. ಹಸಿಯಾಗಿತ್ತು, ಭಾರವಾಗಿತ್ತು. ನೆನೆದಿರಲಿಲ್ಲ, ಆದರೂ ಹಸಿ. ತುರುಬು ಸಂಜೆಗೆ ಯಾಕೆ ಉಬ್ಬುತ್ತಿತ್ತು ಎಂಬುದು ಆಗ ಹೊಳೆಯಿತು: ಸೆರಗಿನಡಿ ಫ್ಯಾನು ತಾಕದ ಕೂದಲು ಮಳೆಗಾಲದ ತೇವವನ್ನು ಕುಡಿಯುತ್ತದೆ. ಅದರ ಹಿಂದೆಯೇ ಒಂದು ಹಳೆಯ ಪಾಠ ನೆನಪಾಯಿತು. ಕಾನ್ವೆಂಟಿನಲ್ಲಿ ಸೈನ್ಸ್ ಹೇಳುತ್ತಿದ್ದ ಸಿಸ್ಟರ್ ಒಂದು ಕೂದಲೆಳೆಗೆ ಸೂಜಿ ಕಟ್ಟಿ ಗೋಡೆಗೆ ತೂಗುಹಾಕಿ, ಮಳೆ ಬಂದ ದಿನ ಸೂಜಿ ಇಳಿಯುವುದನ್ನು ನಮಗೆ ತೋರಿಸಿದ್ದರು. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಮಾರ್ಕ್ಸ್ ತೆಗೆದವಳು ನಾನು.

ಮರುದಿನ ಬೆಳಿಗ್ಗೆ ಚೀಲ ಬಿಚ್ಚಿದ ಕೂಡಲೇ ಒಂದು ಬುಟ್ಟಿ ಉಂಡೆಗಳನ್ನು ತೆಗೆದುಕೊಂಡು ಒಳಗೆ ಹೋದೆ. ಅತ್ತೆಯವರ ಕಾಲದ ಹಿತ್ತಾಳೆ ತಕ್ಕಡಿ ಅಟ್ಟದ ಮೇಲಿತ್ತು. ಒಂದು ತಟ್ಟೆಯಲ್ಲಿ ಕೂದಲು, ಇನ್ನೊಂದರಲ್ಲಿ ಲಟ್ಟಣಿಗೆ. ಮುಳ್ಳು ನೆಟ್ಟಗೆ ನಿಲ್ಲುವಷ್ಟು ಕೂದಲು ಹಾಕಿ, ಪಡಸಾಲೆಯ ಫ್ಯಾನಿನ ಕೆಳಗೆ ತಂದಿಟ್ಟೆ. ಹೆಂಗಸರು ಕೆಲಸ ಮಾಡುತ್ತಲೇ ಓರೆಗಣ್ಣಿನಿಂದ ನೋಡುತ್ತಿದ್ದರು. ಇವತ್ತು ಯಾರ ಮೇಲೆ ಬಂತೋ ಎಂಬ ಹೆದರಿಕೆ. ಸಂಜೆಗೆ ಲಟ್ಟಣಿಗೆಯ ತಟ್ಟೆ ಕೆಳಗೆ ಕೂತಿತ್ತು, ಕೂದಲಿನದು ಮೇಲೆ. ಯಾರೂ ಮುಟ್ಟಿರಲಿಲ್ಲ. ಸೋರುವ ಗೋಡೌನಿನಿಂದ ಹಸಿ ತೂಕ ಕೊಟ್ಟು, ಎರಡು ಫ್ಯಾನಿನ ಕೆಳಗೆ ದಿನವಿಡೀ ಒಣಗಿದ್ದನ್ನು ವಾಪಸು ತೂಗಿಕೊಳ್ಳುತ್ತಿದ್ದರು. ಕದ್ದದ್ದು ನನ್ನ ಫ್ಯಾನು.

ವೀರೇಶ ಬಂದಾಗ ತೋರಿಸಿದೆ. ಅವನು ಆಶ್ಚರ್ಯಪಡಲಿಲ್ಲ. ಅಲ್ಲಿಂದ ಶುರುವಾದ ಅನುಮಾನ ನನಗೆ ಇವತ್ತಿಗೂ ಬಿಟ್ಟಿಲ್ಲ.

"ಮಳೆಗಾಲ ಅಲ್ರಿ ಮೇಡಂ, ನ್ಯಾಚುರಲ್," ಎಂದು ನಕ್ಕ.

ಹಾಗಾದರೆ ಇವರ ಪಗಾರ ಯಾಕೆ ಮುರಿದೆ ಎಂದು ಕೇಳಿದೆ.

"ನಾ ಮಾರೂ ಹೊತ್ತಿಗೆ ನನಗೂ ಒಣಗಿದ್ದಕ್ಕಽ ರೇಟು ಹಾಕ್ತಾರ. ಆ ಲಾಸು ಯಾರರ ಹೊರಬೇಕಲ್ರಿ?"

ಆ 'ಯಾರಾದರೂ' ತಾನಾಗಬಹುದು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ, ಅಥವಾ ಬಹಳ ಹಿಂದೆಯೇ ಹೊಳೆದಿತ್ತು. ಚೀಲಗಳು ತಗಡಿನ ಸೋರಿಕೆಯಿಂದ ಹಸಿಯಾಗುತ್ತಿದ್ದವೋ, ಯಾರಾದರೂ ನೀರು ಚಿಮುಕಿಸುತ್ತಿದ್ದರೋ, ನನಗೆ ಗೊತ್ತಿಲ್ಲ. ನಾನು ನೋಡಿಲ್ಲ. ನೋಡಲು ಕೂತದ್ದು ಎಂಟು ಹೆಂಗಸರನ್ನು. ಸಂಶಯಕ್ಕೂ ಇಳಿಜಾರು ಬೇಕೇನೋ, ನಮ್ಮ ಎಡದಂಡೆ ಕಾಲುವೆಯ ನೀರಿನ ಹಾಗೆ. ಮೇಲ್ಮುಖವಾಗಿ ಹರಿಯುವುದನ್ನು ಅದಕ್ಕೆ ಯಾರೂ ಕಲಿಸಿಲ್ಲ. ಇಷ್ಟೆಲ್ಲ ಆದರೂ ಅವನು ಕೊಟ್ಟ ಅಕ್ಕಿಯಲ್ಲಿ ಅರ್ಧ ಚೀಲ ತಿಂದಾಗಿತ್ತು. ಉಳಿದರ್ಧವನ್ನೂ ತಿಂದೆ.

ಮುರಿದದ್ದನ್ನು ಕೊಟ್ಟುಬಿಡು ಎಂದೆ. ನೋಡೋಣ ಎಂದ. ಎರಡೇ ದಿನದಲ್ಲಿ ಕೆಲಸವನ್ನು ಯಲಬುರ್ಗಾ ಕಡೆಯ ಹಳ್ಳಿಯೊಂದಕ್ಕೆ ಒಯ್ದ. ಅಲ್ಲಿ ಲೈಟ್ ಬಿಲ್ಲೂ ಕಡಿಮೆ, ಮಾತೂ ಕಡಿಮೆಯಂತೆ. ಎಂಟು ಚಾಪೆ ಸುತ್ತಿಕೊಂಡು ಹೋದವು. ನನ್ನಿಂದ ಎಂಟು ಜನರ ಅನ್ನ ಹೋಯಿತು ಎಂದು ನಾನು ಕೂತಿದ್ದೆ. ಅವರೂ ಹಾಗೇ ಅಂದುಕೊಂಡರು ಎಂದು ಕಾಣುತ್ತದೆ. ತರಕಾರಿ ಗಾಡಿಯ ಹತ್ತಿರ ಎದುರಾದರೆ ರೇಣುಕಾ ಸಹ ಬೇರೆ ಕಡೆ ನೋಡಿದಳು.

ಉತ್ತರಿ ಮಳೆಯ ಹೊತ್ತಿಗೆ ಹುಲಿಗೆವ್ವ ಬಂದಳು. ಹೊಸ್ತಿಲ ಹೊರಗೇ ನಿಂತಳು. ಬೈಕಿನ ಪಾತ್ರೆಯವರಿಬ್ಬರನ್ನು ಮಾತಾಡಿಸಿದ್ದಳು, ಅವರು ಕೂದಲನ್ನು ನೇರವಾಗಿ ಈ ಹೆಂಗಸರಿಗೇ ಹಾಕಲು ಒಪ್ಪಿದ್ದರು. ಎಂಟೂ ಜನ ಕಿವಿಯದ್ದು, ಕೈಯದ್ದು ಒತ್ತೆಯಿಟ್ಟು ಮೊದಲ ಚೀಲಕ್ಕೆ ಹೊಂದಿಸಿದ್ದರು. ಕೂರಲು ಜಾಗ ಬೇಕಿತ್ತು. ಬಾಡಿಗೆ ಬೇಡ ಎಂದೆ ನಾನು, ಆತುರದಲ್ಲಿ, ಪಾಪ ತೊಳೆದುಕೊಳ್ಳುವವಳ ಹಾಗೆ.

"ಬಾಡಗಿ ತಗೋರ್ರಿ," ಎಂದಳು. "ಪುಕ್ಕಟೆ ಕೊಟ್ರ ಮತ್ತ ನಿಮ್ಮ ಮನಿ ಆಗ್ತೈತಿ. ಕೀಲಿ ನಮ್ಮ ಕಡೆ ಇರ್ಲಿ. ಮತ್ತ ನೀವು ಅಲ್ಲಿ ಕೂಡ್ರಬ್ಯಾಡ್ರಿ."

ಈಸಿಚೇರನ್ನು ಅವಳೇ ಎತ್ತಿ ಒಳಮನೆಗೆ ತಂದಿಟ್ಟಳು. ಪಡಸಾಲೆಯಿಂದ ಒಳಮನೆಗೆ ಬರುವ ಬಾಗಿಲಿಗೆ ಆ ಕಡೆಯಿಂದ ಚಿಲಕ ಬಿತ್ತು. ದೀಪಾವಳಿಯವರೆಗೆ ನಾನು ನನ್ನ ಮನೆಗೆ ಹಿತ್ತಲ ಬಾಗಿಲಿನಿಂದ ಓಡಾಡಿದೆ. ನಾನು ನಡೆದು ಬಂದ ಸದ್ದಾದರೆ ಆ ಕಡೆ ಮಾತು ನಿಲ್ಲುತ್ತಿತ್ತು. ಮೊದಲು ತಾರಸಿಯ ಮೇಲೆ ಬಿಸಿಲಿಗೆ ಹರವುತ್ತಿದ್ದರು, ಒಣಗಿದ ಮೇಲೆಯೇ ತೂಕ. ಅಷ್ಟು ನನಗೆ ಕಾಣುತ್ತಿತ್ತು. ಉಳಿದದ್ದನ್ನು ಬಾಗಿಲಿಗೆ ಕಿವಿಗೊಟ್ಟು ಕೇಳಿದೆ. ಹೌದು, ಕೇಳಿದೆ.

ನನಗೆ ಇದ್ದ ಅನುಮಾನ ಒಂದೇ. ಮಾರಲು ಹೋಗುವವಳು ಹುಲಿಗೆವ್ವ. ಬಂದ ಬೆಲೆಯನ್ನು ಅವಳು ಸರಿಯಾಗಿ ಹೇಳುತ್ತಾಳೆಂದು ಏನು ಗ್ಯಾರಂಟಿ? ಇನ್ನೊಬ್ಬ ವೀರೇಶ ಹುಟ್ಟುವುದು ಹೀಗೆಯೇ ಅಲ್ಲವೇ? ಇದನ್ನು ನಾನು ಯಾರಿಗೂ ಹೇಳಲಿಲ್ಲ, ಈ ಸಲ ಅಷ್ಟು ಬುದ್ಧಿ ಬಂದಿತ್ತು. ಆದರೆ ಒಂದು ದಿನ ಅದೇ ಪ್ರಶ್ನೆಯನ್ನು ಆ ಕಡೆ ರೇಣುಕಾ ನಗುತ್ತ ಕೇಳಿದಳು, ನೀನು ಮೂರಂತಸ್ತು ಕಟ್ಟಿಸಿದರೆ ನಮ್ಮನ್ನು ಒಳಗೆ ಬಿಡುತ್ತೀಯೋ ಇಲ್ಲವೋ ಎಂದು. ಎಲ್ಲರೂ ನಕ್ಕರು. ಹುಲಿಗೆವ್ವ ನಗಲಿಲ್ಲ.

"ನನ್ನ ನಂಬ್ರಿ ಅಂತ ನಾ ಹೇಳಂಗಿಲ್ಲ," ಎಂದಳು. "ಇಬ್ಬಿಬ್ರು ಹೋಗೂಣು. ಪ್ರತಿ ಸಲ ಬ್ಯಾರೆ ಇಬ್ರು. ನಾನೂ ಪಾಳಿ ಮ್ಯಾಲ."

ಹಾಗೇ ಮಾಡಿದರು. ಗಂಗವ್ವಜ್ಜಿಯೂ ಒಂದು ಸಲ ರೇಣುಕಾಳ ಕೈ ಹಿಡಿದುಕೊಂಡು ಬಸ್ಸು ಹತ್ತಿದಳು; ವ್ಯಾಪಾರಿ ಉದ್ದದ್ದನ್ನು ಗಿಡ್ಡದ್ದರಲ್ಲಿ ಸೇರಿಸಿ ಬೆಲೆ ಕಟ್ಟಲು ಹೋದಾಗ ಅಜ್ಜಿ ಮುಟ್ಟಿಯೇ ಹಿಡಿದಳೆಂದು ಅವತ್ತು ಆ ಕಡೆ ದೊಡ್ಡ ನಗೆ. ಹಂಚುವಾಗ ಜಗಳವೂ ಆಯಿತು. ಅಜ್ಜಿಯ ಕೈ ನಿಧಾನ, ಅವಳಿಗೂ ಸಮ ಯಾಕೆ ಎಂದು ಒಬ್ಬಳು. ಅವಳ ಬೆರಳಿಲ್ಲದಿದ್ದರೆ ವ್ಯಾಪಾರಿ ತಿನ್ನುತ್ತಿದ್ದುದನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತೀ ಎಂದು ಇನ್ನೊಬ್ಬಳು. ಎರಡು ದಿನ ಮಾತು ಬಿಟ್ಟರು. ಕೊನೆಗೆ ಸಮವೇ ಆಯಿತು. ನಾನು ಓದಿದ ಪುಸ್ತಕಗಳಲ್ಲಿ ಹಂಚಿಕೊಳ್ಳುವವರು ಒಬ್ಬರನ್ನೊಬ್ಬರು ಪ್ರೀತಿಸುತ್ತಿದ್ದರು, ನಂಬುತ್ತಿದ್ದರು. ಇವರು ಒಬ್ಬರ ಮೇಲೊಬ್ಬರು ಕಣ್ಣಿಟ್ಟೇ ಹಂಚಿಕೊಂಡರು. ಆ ಕಣ್ಣು ಎಲ್ಲರ ಮೇಲೂ ಒಂದೇ ಸಮ ಇತ್ತು, ಅಷ್ಟೇ ವ್ಯತ್ಯಾಸ. ನನ್ನದು ಹಾಗಿರಲಿಲ್ಲ.

ದೀಪಾವಳಿ ಮುಗಿದು ಚಳಿ ಬಿದ್ದ ಮೇಲೆ ರೇಣುಕಾಳ ಮನೆಯ ಹಿಂದಿನ ಶೆಡ್ಡಿಗೆ ಜಾಗ ಬದಲಿಸಿದರು. ಸಾಮಾನು ಸಾಗಿಸಿದ ದಿನ ಹುಲಿಗೆವ್ವ ಪಡಸಾಲೆಯನ್ನು ಗುಡಿಸಿ, ನೆಲ ಒರೆಸಿ, ಹಿತ್ತಲ ಕಡೆಯಿಂದ ಬಂದು ಕೀಲಿಯನ್ನು ನನ್ನ ಕೈಗೇ ಕೊಟ್ಟಳು. ಮಗಳು ಎರಡನೇ ವರ್ಷಕ್ಕೆ ಬಂದಳೆಂದು ಹೇಳಿದಳು. ಸೆರಗು ಇಳಿಬಿಟ್ಟಿದ್ದಳು, ಚೌರಿ ಇರಲಿಲ್ಲ, ಚಿಕ್ಕ ಕೂದಲು ದಟ್ಟವಾಗಿ ಬೆಳೆಯತೊಡಗಿತ್ತು. ಛಲೋ ಕಾಣ್ತೀ ಎಂದೆ.

"ಒಮ್ಮಿ ಒಳಗ ಹೋಗಿ ನೋಡಕೋರ್ರಿ ಅಕ್ಕೋರ," ಎಂದಳು. "ಏನರ ಕಡಿಮಿ ಆಗೇತೇನು."

ಛೆ, ಅದೇನು ಮಾತು ಎಂದೆ ನಾನು. ಏನೂ ನೋಡುವುದು ಬೇಡ ಎಂದೆ. ಅವಳು ತಲೆಯಾಡಿಸಿ ಹೊರಟಳು. ಓಣಿಯ ತಿರುವಿನಲ್ಲಿ ಅವಳ ಸೀರೆಯ ಅಂಚು ಮರೆಯಾಗುವ ತನಕ ಹಿತ್ತಲಲ್ಲೇ ನಿಂತಿದ್ದೆ. ಆಮೇಲೆ ಬೀದಿಯ ಕಡೆಗೆ ಸುತ್ತಿ ಬಂದು, ಪಡಸಾಲೆಯ ಬೀಗ ತೆಗೆದು, ದೀಪ ಹಾಕಿ ನೋಡಿದೆ.